ರ‍್ಯಾಂಡಮ್ ನಜ್‌ಲಾಕ್: ತಂಡ ಉಳಿಸಿಕೊಂಡು ಆಟ ಮುಗಿಸುವುದು ಹೇಗೆ?

ಮೊದಲ ಜಿಮ್ ತಲುಪುವ ಮುಂಚೆಯೇ ತಂಡ ಪೂರ್ತಿ ಸಾಯುತ್ತಿದೆ, ಎಲ್ಲಿ ತಪ್ಪಾಗುತ್ತಿದೆ? ರ‍್ಯಾಂಡಮ್ ನಜ್‌ಲಾಕ್ ಎಂಬ ರೀತಿಯಲ್ಲಿ ಪೋಕೆಮಾನ್ ವಿಡಿಯೊ ಗೇಮ್ ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ಎಲ್ಲವೂ ಅದೃಷ್ಟವೇ ಆದಮೇಲೆ ಇದರಲ್ಲಿ ಕಲಿಯೋದೇನಿದೆ? ಕಲಿಯೋದು ತುಂಬ ಇದೆ. ಈ ಆಟದಲ್ಲಿ ಅದೃಷ್ಟಕ್ಕೆ ಬಿಟ್ಟಿರುವುದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಬಹಳಷ್ಟು ಸಂಗತಿಗಳು ಬದಲಾಗದೆ ಹಾಗೇ ಉಳಿದಿರುತ್ತವೆ. ಅವನ್ನು ಗಟ್ಟಿಯಾಗಿ ಹಿಡಿದುಕೊಂಡು, ಗೊತ್ತಿಲ್ಲದ್ದನ್ನೆಲ್ಲ ಕೆಟ್ಟದ್ದೇ ಎಂದು ಲೆಕ್ಕ ಹಾಕಿ ಆಡಿದವರು ಕೊನೆಯವರೆಗೆ ಹೋಗುತ್ತಾರೆ.

ಹೊಸಬರಿಗಾಗಿ ಎರಡು ಮಾತು. ಈ ಆಟದಲ್ಲಿ ಪೋಕೆಮಾನ್ ಎಂಬ ಜೀವಿಗಳನ್ನು ಹಿಡಿದು, ಆರರ ತಂಡ ಕಟ್ಟಿ, ಟ್ರೈನರ್ ಎಂಬ ಎದುರಾಳಿಗಳ ಜೊತೆ ಕಾಳಗ ಮಾಡುತ್ತೀರಿ. ಜಿಮ್ ಎಂಬ ಕಾಳಗದ ಜಾಗದಲ್ಲಿ ಅದರ ಲೀಡರ್ ಸೋತರೆ ನಿಮಗೊಂದು ಬ್ಯಾಡ್ಜ್. ನಜ್‌ಲಾಕ್ ಅಂದರೆ ಪೋಕೆಮಾನ್ ಆಟವನ್ನು ನಾವೇ ಹಾಕಿಕೊಂಡ ಕಟ್ಟುಪಾಡಿನಲ್ಲಿ ಆಡುವುದು. 2010ರಲ್ಲಿ ಒಬ್ಬ ಆಟಗಾರ ಪೋಕೆಮಾನ್ ರೂಬಿಯನ್ನು ಹೀಗೆ ಆಡಿ, ಅದನ್ನು ಕಾಮಿಕ್ ಮಾಡಿ ಹಂಚಿಕೊಂಡ. ಅಲ್ಲಿಂದ ಇದು ಹಬ್ಬಿತು. ಮೂಲ ನಿಯಮ ಎರಡೇ. ಎಚ್‌ಪಿ (ಜೀವದ ಅಂಕಿ) ಸೊನ್ನೆಯಾಗಿ ಬಿದ್ದ ಪೋಕೆಮಾನ್ ಸತ್ತಂತೆ, ಮತ್ತೆ ಬಳಸುವಂತಿಲ್ಲ. ಪ್ರತಿ ಜಾಗದಲ್ಲಿ ಮೊದಲು ಎದುರಾದ ಪೋಕೆಮಾನ್ ಒಂದನ್ನು ಮಾತ್ರ ಹಿಡಿಯಬಹುದು. ಇದರ ಮೇಲೆ ರ‍್ಯಾಂಡಮೈಜರ್ ಸೇರಿದರೆ ಹುಲ್ಲಿನಲ್ಲಿ, ಎದುರಾಳಿ ಟ್ರೈನರ್ ಕೈಯಲ್ಲಿ ಯಾವ ಪೋಕೆಮಾನ್ ಇದೆ ಅನ್ನೋದು ಕಲಸಿಹೋಗುತ್ತದೆ. ಮೊದಲ ರೂಟ್‌ನ ಹುಲ್ಲಿನಿಂದ ಪಿಜ್ಜಿ ಬದಲು ಡ್ರ್ಯಾಗನೈಟ್ ಹಾರಿಬರಬಹುದು.

ಉದಾಹರಣೆಗೆ ಇಲ್ಲಿ 2004ರ ಪೋಕೆಮಾನ್ ಫೈರ್‌ರೆಡ್ ಇಟ್ಟುಕೊಂಡಿದ್ದೇನೆ. ಮೊದಲ ಸಲಕ್ಕೆ ಇದು ಒಳ್ಳೆಯ ಆಟ. ಬೇರೆ ಆಟ ಆಡುವವರು ಅಂಕಿಗಳನ್ನು ಬದಲಿಸಿಕೊಳ್ಳಿ, ಲೆಕ್ಕದ ರೀತಿ ಅದೇ.

ಏನೇನು ಬೇಕು

ನಿಮ್ಮದೇ ಕಾರ್ಟ್ರಿಜ್‌ನಿಂದ ತೆಗೆದ ಆಟದ ಫೈಲ್, ಅದನ್ನು ಓಡಿಸಲು ಎಮ್ಯುಲೇಟರ್, ಮತ್ತು ಯೂನಿವರ್ಸಲ್ ಪೋಕೆಮಾನ್ ರ‍್ಯಾಂಡಮೈಜರ್ ಎಂಬ ಉಚಿತ ಸಾಫ್ಟ್‌ವೇರ್. ಅದರ ಜೆಡ್‌ಎಕ್ಸ್ ಆವೃತ್ತಿ 1ನೇ ತಲೆಮಾರಿನಿಂದ 7ನೇ ತಲೆಮಾರಿನವರೆಗಿನ ಆಟಗಳಿಗೆ ಒಗ್ಗುತ್ತದೆ. ಕಂಪ್ಯೂಟರ್‌ನಲ್ಲಿ ಜಾವಾ ಇರಬೇಕು. ಇದರ ಜೊತೆ ಒಂದು ನೋಟ್‌ಬುಕ್, ಪೆನ್ನು. ಇದನ್ನು ಸುಮ್ನೆ ಹೇಳುತ್ತಿಲ್ಲ. ನೆನಪಿನ ಮೇಲೆ ಆಡಿದರೆ ನಾಲ್ಕನೇ ಬ್ಯಾಡ್ಜ್ ಹೊತ್ತಿಗೆ ಯಾವ ಪೋಕೆಮಾನ್‌ಗೆ ಯಾವ ಮೂವ್ (ಕಾಳಗದ ಪಟ್ಟು) ಇತ್ತು, ಯಾವ ಜಾಗದ ಅವಕಾಶ ಮುಗಿದಿದೆ ಎಲ್ಲ ಗೊಂದಲವಾಗುತ್ತದೆ.

1. ನಿಯಮಗಳನ್ನು ಮೊದಲೇ ಬರೆದಿಡಿ

ಜಗಳ ಯಾವಾಗಲೂ ನಡುವೆ ಹುಟ್ಟುತ್ತದೆ. ಇಷ್ಟದ ಪೋಕೆಮಾನ್ ಸತ್ತ ಗಳಿಗೆಯಲ್ಲಿ ನಿಯಮ ಸಡಿಲಿಸುವ ಆಸೆ ಯಾರಿಗೂ ಬರುತ್ತದೆ. ಅದಕ್ಕೇ ಶುರು ಮಾಡುವ ಮುಂಚೆ ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

ನಿಯಮಗಳು ಯಾವಾಗ ಜಾರಿಗೆ ಬರುತ್ತವೆ? ರೂಢಿಯಲ್ಲಿ ಪೋಕೆ ಬಾಲ್ (ಪೋಕೆಮಾನ್ ಹಿಡಿಯುವ ಚೆಂಡು) ಕೈಗೆ ಬಂದ ಮೇಲೆ. ಫೈರ್‌ರೆಡ್‌ನಲ್ಲಿ ಪ್ರೊಫೆಸರ್ ಓಕ್ 5 ಬಾಲ್ ಕೊಡುವ ತನಕ ಏನಾದರೂ ಲೆಕ್ಕಕ್ಕಿಲ್ಲ. ಲ್ಯಾಬ್‌ನಲ್ಲಿ ರೈವಲ್ (ಮತ್ತೆ ಮತ್ತೆ ಎದುರಾಗುವ ಪ್ರತಿಸ್ಪರ್ಧಿ) ಜೊತೆ ನಡೆಯುವ ಮೊದಲ ಕಾಳಗದಲ್ಲಿ ಸೋತರೂ ಆಟ ಮುಂದುವರಿಯುತ್ತದೆ.

ಉಡುಗೊರೆಯಾಗಿ ಸಿಗುವ ಪೋಕೆಮಾನ್ ಆ ಊರಿನ ಅವಕಾಶವೆಂದು ಎಣಿಸಬೇಕೇ, ಬೇರೆಯೇ? ತಂಡದ ಆರೂ ಸತ್ತು ಬಾಕ್ಸ್‌ನಲ್ಲಿ (ತಂಡದ ಹೊರಗಿನ ಸಂಗ್ರಹ) ಇನ್ನೂ ಪೋಕೆಮಾನ್ ಇದ್ದರೆ ರನ್, ಅಂದರೆ ಈ ಸಲದ ಆಟ, ಮುಗಿಯಿತೇ? ಹಿಡಿದ ಜಾತಿಯೇ ಮತ್ತೆ ಎದುರಾದರೆ ಅದನ್ನು ಬಿಟ್ಟು ಇನ್ನೊಂದು ಸಲ ಹುಡುಕಬಹುದೇ? ಕಾಳಗದ ನಡುವೆ ಪೋಷನ್ (ಎಚ್‌ಪಿ ತುಂಬುವ ಔಷಧ) ಬಳಸಬಹುದೇ? ಎಲ್ಲಕ್ಕೂ ಈಗಲೇ ಉತ್ತರ ಬೇಕು.

ಇನ್ನೊಂದು ಮುಖ್ಯ ನಿಯಮ ಲೆವೆಲ್ ಕ್ಯಾಪ್. ಮುಂದಿನ ಜಿಮ್ ಲೀಡರ್‌ನ ಅತಿ ಹೆಚ್ಚಿನ ಲೆವೆಲ್‌ಗಿಂತ ನಿಮ್ಮ ಯಾವ ಪೋಕೆಮಾನ್ ಕೂಡ ಮೇಲೆ ಹೋಗಬಾರದು ಎಂಬ ಮಿತಿ ಅದು. ಮೊದಲ ಸಲ ಆಡುವವರಿಗೆ ನನ್ನ ಸಲಹೆ: ಕ್ಯಾಪ್ ಇರಲಿ, ಕಾಳಗದಲ್ಲಿ ಪೋಷನ್‌ಗೂ ಅನುಮತಿ ಇರಲಿ. ಕ್ಯಾಪ್ ಇಲ್ಲದಿದ್ದರೆ ಲೆವೆಲ್ ಏರಿಸಿಯೇ ಎಲ್ಲವನ್ನೂ ಗೆಲ್ಲಬಹುದು, ಆಟ ಕಲಿಸಬೇಕಾದ್ದನ್ನು ಕಲಿಸುವುದಿಲ್ಲ.

ಎಮ್ಯುಲೇಟರ್‌ನ ಸೇವ್ ಸ್ಟೇಟ್, ಅಂದರೆ ಯಾವ ಕ್ಷಣಕ್ಕೆ ಬೇಕಾದರೂ ಹಿಂದೆ ಹೋಗುವ ಸೌಲಭ್ಯ, ಮುಟ್ಟಬೇಡಿ. ಆಟದೊಳಗಿನ ಸೇವ್ ಮಾತ್ರ ಬಳಸಿ.

2. ರ‍್ಯಾಂಡಮೈಜರ್ ಸೆಟ್ಟಿಂಗ್: ಎಲ್ಲವನ್ನೂ ಕಲಸಬೇಡಿ

ಅತಿ ಹೆಚ್ಚು ರನ್‌ಗಳು ಸಾಯುವುದು ಇಲ್ಲಿ, ಆಟ ತೆರೆಯುವ ಮುಂಚೆಯೇ. ಸಾಫ್ಟ್‌ವೇರ್‌ನಲ್ಲಿ ಎಷ್ಟೊಂದು ಬಟನ್ ಇವೆ ಎಂದು ಎಲ್ಲವನ್ನೂ ಒತ್ತಿಬಿಡುತ್ತಾರೆ. ಟೈಪ್ (ಬೆಂಕಿ, ನೀರಿನಂಥ ಗುಂಪು), ಮೂವ್, ಅಬಿಲಿಟಿ (ಪೋಕೆಮಾನ್‌ನ ವಿಶೇಷ ಗುಣ), ವಿಕಾಸ (ಬೆಳೆದು ಬೇರೆ ರೂಪ ಪಡೆಯುವುದು) ಎಲ್ಲವೂ ಕಲಸಿದ ಮೇಲೆ ನೀವು ಕಲಿತ ಯಾವ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ.

ಮೊದಲ ರನ್‌ಗೆ ಕಾಡು ಪೋಕೆಮಾನ್, ಟ್ರೈನರ್‌ಗಳ ಪೋಕೆಮಾನ್, ಶುರುವಿನ ಮೂರು ಪೋಕೆಮಾನ್, ಇಷ್ಟನ್ನೇ ಕಲಸಿ. ಶುರುವಿನವಕ್ಕೆ ಎರಡು ಸಲ ವಿಕಾಸವಾಗುವಂಥವನ್ನೇ ಕೊಡುವ ಆಯ್ಕೆ ಇದೆ, ಅದನ್ನು ಹಾಕಿ.

ಸಮಾನ ಬಲದ ಪೋಕೆಮಾನ್ ಕೊಡುವ ಆಯ್ಕೆಯೂ ಇದೆ. ಅದು ಬೇಸ್ ಸ್ಟ್ಯಾಟ್ ಮೊತ್ತ ನೋಡುತ್ತದೆ. ಬೇಸ್ ಸ್ಟ್ಯಾಟ್ ಅಂದರೆ ಆ ಜಾತಿಯ ಹುಟ್ಟು ಬಲದ ಅಂಕಿ. ಮ್ಯಾಜಿಕಾರ್ಪ್‌ಗೆ ಅದರ ಮೊತ್ತ 200, ಮೆವ್‌ಟೂಗೆ 680. ಈ ಆಯ್ಕೆಯನ್ನು ಕಾಡಿಗೂ ಟ್ರೈನರ್‌ಗಳಿಗೂ ಎರಡಕ್ಕೂ ಹಾಕಿ, ಇಲ್ಲವೇ ಎರಡಕ್ಕೂ ಬಿಡಿ. ಕಾಡಿಗೆ ಮಾತ್ರ ಹಾಕಿ ಟ್ರೈನರ್‌ಗಳನ್ನು ಪೂರ್ತಿ ಬಿಟ್ಟುಕೊಟ್ಟರೆ ನಿಮ್ಮ ಕೈಗೆ ಸಣ್ಣಪುಟ್ಟವು, ಎದುರಾಳಿಗೆ ಲೆಜೆಂಡರಿ ಎಂಬ ಅಪರೂಪದ, ಭಾರಿ ಬಲದವು ಬರುತ್ತವೆ.

ಮೂವ್‌ಗಳನ್ನು ಕಲಸಬೇಡಿ. ಕಾರಣ ಇದು. ಡ್ರ್ಯಾಗನ್ ರೇಜ್ ಎಂಬ ಮೂವ್ ಯಾವ ಲೆವೆಲ್‌ನಲ್ಲಿ ಹೊಡೆದರೂ ಸರಿಯಾಗಿ 40 ಎಚ್‌ಪಿ ಕಳೆಯುತ್ತದೆ. ಸೋನಿಕ್ ಬೂಮ್ 20 ಕಳೆಯುತ್ತದೆ. 5ನೇ ಲೆವೆಲ್‌ನಲ್ಲಿ ಬಹುತೇಕ ಪೋಕೆಮಾನ್‌ಗಳ ಎಚ್‌ಪಿ 20ರ ಆಸುಪಾಸು. ಮೊದಲ ರೂಟ್‌ನಲ್ಲಿ ಯಾರಿಗೋ ಡ್ರ್ಯಾಗನ್ ರೇಜ್ ಸಿಕ್ಕಿದ್ದರೆ ನೀವು ಎಷ್ಟೇ ಚೆನ್ನಾಗಿ ಆಡಿದರೂ ಒಂದೊಂದೇ ಹೊಡೆತಕ್ಕೆ ಒಂದೊಂದು ಹೋಗುತ್ತದೆ.

ಅಬಿಲಿಟಿ ಕಲಸಲೇಬೇಕು ಅನ್ನಿಸಿದರೆ ವಂಡರ್ ಗಾರ್ಡ್ ಮತ್ತು ಓಡಿಹೋಗದಂತೆ ಕಟ್ಟಿಹಾಕುವ ಅಬಿಲಿಟಿಗಳನ್ನು ನಿಷೇಧಿಸಿ. ವಂಡರ್ ಗಾರ್ಡ್ ಇದ್ದ ಪೋಕೆಮಾನ್‌ಗೆ ಅದರ ದೌರ್ಬಲ್ಯದ ಟೈಪ್ ಬಿಟ್ಟು ಬೇರೆ ನೇರ ಹೊಡೆತ ತಾಗುವುದಿಲ್ಲ. ಅದು ಸೇಬಲ್‌ಐಗೆ ಸಿಕ್ಕರೆ, ಫೈರ್‌ರೆಡ್ ಕಾಲದ ನಿಯಮದಲ್ಲಿ ಅದಕ್ಕೆ ದೌರ್ಬಲ್ಯವೇ ಇಲ್ಲ.

ಮೂರು ಸಣ್ಣ ಆಯ್ಕೆಗಳನ್ನು ಮರೆಯಬೇಡಿ. ಬೇರೆಯವರ ಜೊತೆ ಟ್ರೇಡ್ ಮಾಡಿದರೆ ಮಾತ್ರ ವಿಕಾಸವಾಗುವ ಪೋಕೆಮಾನ್‌ಗಳಿಗೆ ಬೇರೆ ದಾರಿ ಕೊಡುವ ಆಯ್ಕೆ, ಎಚ್‌ಎಂಗಳನ್ನು ಎಲ್ಲರೂ ಕಲಿಯುವಂತೆ ಮಾಡುವ ಆಯ್ಕೆ, ಹಿಡಿಯುವ ದರಕ್ಕೆ ಕನಿಷ್ಠ ಮಿತಿ ಹಾಕುವ ಆಯ್ಕೆ. ಎಚ್‌ಎಂ ಅಂದರೆ ಗಿಡ ಕಡಿಯಲು, ನೀರು ದಾಟಲು ಬೇಕಾದ ಕಟ್, ಸರ್ಫ್‌ನಂಥ ಮೂವ್‌ಗಳು. ಫೈರ್‌ರೆಡ್‌ನಲ್ಲಿ ಸರ್ಫ್ ಕಲಿಯುವವರಿಲ್ಲದೆ ಸಿನಬಾರ್ ದ್ವೀಪಕ್ಕೆ ಹೋಗುವಂತಿಲ್ಲ.

ಕೊನೆಗೆ ಲಾಗ್ ಫೈಲ್ ಸೇವ್ ಮಾಡಿಕೊಳ್ಳಿ. ಯಾರ ಹತ್ತಿರ ಏನಿದೆ ಎಂಬ ಪೂರ್ತಿ ಪಟ್ಟಿ ಅದರಲ್ಲಿರುತ್ತದೆ. ಸದ್ಯಕ್ಕೆ ತೆರೆಯಬೇಡಿ.

3. ಬದಲಾಗದ್ದನ್ನು ಪಟ್ಟಿ ಮಾಡಿ

ಬಹಳ ಜನರಿಗೆ ಇದು ಗೊತ್ತಿರುವುದಿಲ್ಲ: ರ‍್ಯಾಂಡಮೈಜರ್ ಕಲಸುವುದು ಒಂದೇ ಸಲ, ಫೈಲ್ ತಯಾರಾಗುವಾಗ. ಆಟದ ನಡುವೆ ಏನೂ ಮತ್ತೆ ಕಲಸುವುದಿಲ್ಲ. ಒಂದು ಗುಹೆಯಲ್ಲಿ ಇಂಥಿಂಥ ಪೋಕೆಮಾನ್ ಸಿಗುತ್ತವೆ ಎಂದು ನೋಡಿದ ಮೇಲೆ ಅಲ್ಲಿ ಯಾವಾಗಲೂ ಅವೇ ಸಿಗುತ್ತವೆ. ಬರೆದಿಟ್ಟುಕೊಳ್ಳಿ. ನಿಮ್ಮ ಲೆವೆಲ್ ಏರಿಸಲು ಸುರಕ್ಷಿತ ಜಾಗ ಯಾವುದು ಎಂದು ಈ ಪಟ್ಟಿಯೇ ಹೇಳುತ್ತದೆ.

ಎರಡನೆಯದು, ನೀವೇ ಬದಲಿಸದಿದ್ದರೆ ಟ್ರೈನರ್‌ಗಳ ಲೆವೆಲ್ ಮತ್ತು ಅವರ ಪೋಕೆಮಾನ್‌ಗಳ ಸಂಖ್ಯೆ ಮೂಲದಂತೆಯೇ ಇರುತ್ತದೆ. ಬ್ರಾಕ್‌ ಹತ್ತಿರ ಏನಿದೆ ಗೊತ್ತಿಲ್ಲ, ಆದರೆ ಎರಡೇ ಇವೆ, 12 ಮತ್ತು 14ನೇ ಲೆವೆಲ್. ಫೈರ್‌ರೆಡ್‌ನ ಜಿಮ್ ಲೀಡರ್‌ಗಳ ಗರಿಷ್ಠ ಲೆವೆಲ್ ಹೀಗಿದೆ: ಬ್ರಾಕ್ 14, ಮಿಸ್ಟಿ 21, ಲೆಫ್ಟಿನೆಂಟ್ ಸರ್ಜ್ 24, ಎರಿಕಾ 29, ಕೋಗಾ 43, ಸಬ್ರೀನಾ 43, ಬ್ಲೇನ್ 47, ಜೊವಾನಿ 50. ಕೊನೆಯ ಚಾಂಪಿಯನ್ 63. ಇವೇ ನಿಮ್ಮ ಕ್ಯಾಪ್‌ಗಳು.

ಎರಿಕಾ ಮತ್ತು ಕೋಗಾ ನಡುವೆ 14 ಲೆವೆಲ್‌ಗಳ ಅಂತರ ಗಮನಿಸಿದಿರಾ? ಇಡೀ ಆಟದ ಅಪಾಯದ ಹಂತ ಅದು. ಸಿಲ್ಫ್ ಕಟ್ಟಡದಲ್ಲಿ ಜೊವಾನಿ 41ರವರೆಗಿನ ಪೋಕೆಮಾನ್‌ಗಳೊಂದಿಗೆ ಕಾದಿರುತ್ತಾನೆ. 30ರ ಸುತ್ತ ಇರುವ ತಂಡದೊಂದಿಗೆ ಅಲ್ಲಿಗೆ ನುಗ್ಗಬೇಡಿ.

ಮೂರನೆಯದು ಟೈಪ್ ಚಾರ್ಟ್, ಯಾವ ಟೈಪ್‌ನ ಹೊಡೆತ ಯಾವುದಕ್ಕೆ ಜಾಸ್ತಿ, ಯಾವುದಕ್ಕೆ ಕಡಿಮೆ ಎಂಬ ಪಟ್ಟಿ. ಫೈರ್‌ರೆಡ್‌ನಲ್ಲಿ 17 ಟೈಪ್. ಫೇರಿ ಟೈಪ್ ಬಂದದ್ದು 2013ರಲ್ಲಿ, ಅದನ್ನು ಮರೆತುಬಿಡಿ. ಇನ್ನೊಂದು ಹಳೆಯ ನಿಯಮ ಹೊಸಬರನ್ನು ತುಂಬ ಕಾಡುತ್ತದೆ. ಈ ಆಟದಲ್ಲಿ ಒಂದು ಮೂವ್ ಫಿಸಿಕಲ್ಲೋ ಸ್ಪೆಷಲ್ಲೋ ಅನ್ನೋದನ್ನು ಅದರ ಟೈಪ್ ನಿರ್ಧರಿಸುತ್ತದೆ. ಬೆಂಕಿ, ನೀರು, ಹುಲ್ಲು, ವಿದ್ಯುತ್, ಐಸ್, ಸೈಕಿಕ್, ಡ್ರ್ಯಾಗನ್, ಡಾರ್ಕ್ ಎಲ್ಲವೂ ಸ್ಪೆಷಲ್. ಉಳಿದವೆಲ್ಲ ಫಿಸಿಕಲ್. ಫಿಸಿಕಲ್ ಹೊಡೆತಕ್ಕೆ ಪೋಕೆಮಾನ್‌ನ ಅಟ್ಯಾಕ್ ಅಂಕಿ, ಸ್ಪೆಷಲ್ ಹೊಡೆತಕ್ಕೆ ಸ್ಪೆಷಲ್ ಅಟ್ಯಾಕ್ ಅಂಕಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬೈಟ್ ಎಂಬ ಕಚ್ಚುವ ಮೂವ್ ಕೂಡ ಸ್ಪೆಷಲ್ ಅಟ್ಯಾಕ್ ಮೇಲೆ ನಿಂತಿದೆ. ತಂಡ ಕಟ್ಟುವಾಗ ಈ ವಿಂಗಡಣೆ ನೋಡದಿದ್ದರೆ, ಒಳ್ಳೆಯ ಅಟ್ಯಾಕ್ ಇರುವ ಪೋಕೆಮಾನ್‌ನ ಕೈಗೆ ಅದು ಬಳಸಲಾಗದ ಮೂವ್ ಕೊಟ್ಟಿರುತ್ತೀರಿ.

4. ಮೊದಲ ಬ್ಯಾಡ್ಜ್‌ವರೆಗೆ

ಶುರುವಿನ ಪೋಕೆಮಾನ್, ಜೊತೆಗೆ ರೂಟ್ 1, ರೂಟ್ 22, ರೂಟ್ 2, ವಿರಿಡಿಯನ್ ಕಾಡು. ಬ್ರಾಕ್‌ಗೆ ಮುಂಚೆ ನಿಮ್ಮ ಕೈಗೆ ಬರಬಹುದಾದದ್ದು ಐದು. ಐದನ್ನೂ ತಪ್ಪದೆ ಪಡೆಯಿರಿ. ಒಂದೇ ಪೋಕೆಮಾನ್ ಬೆಳೆಸಿಕೊಂಡು ನುಗ್ಗುವುದು ಸಾಮಾನ್ಯ ಆಟದಲ್ಲಿ ನಡೆಯುತ್ತದೆ. ಇಲ್ಲಿ ಅದು ಸತ್ತ ದಿನ ರನ್ ಮುಗಿಯುತ್ತದೆ.

ರೂಟ್ 22ರಲ್ಲಿ ರೈವಲ್ ಜೊತೆ ಕಾಳಗ ಕಡ್ಡಾಯವಲ್ಲ. ಹುಲ್ಲಿನಲ್ಲಿ ನಿಮ್ಮ ಅವಕಾಶ ಮುಗಿಸಿ ವಾಪಸ್ ಬನ್ನಿ.

ಕಾಡಿನ ಟ್ರೈನರ್‌ಗಳ ಹತ್ತಿರ 6ನೇ ಲೆವೆಲ್‌ನ ಮೆವ್‌ಟೂ ಬಂದರೆ? ಹೆದರಿ ಕೈಚೆಲ್ಲಬೇಡಿ. ಕಡಿಮೆ ಲೆವೆಲ್‌ನಲ್ಲಿ ಜಾತಿಯ ಬಲ ಪೂರ್ತಿ ಕಾಣುವುದಿಲ್ಲ. 6ನೇ ಲೆವೆಲ್‌ನಲ್ಲಿ ಮೆವ್‌ಟೂನ ಸ್ಪೆಷಲ್ ಅಟ್ಯಾಕ್ ಸುಮಾರು 24, ಮಧ್ಯಮ ಜಾತಿಯೊಂದರದು ಸುಮಾರು 14. ಅಂತರ 10 ಅಂಕಿ. ನಿಮ್ಮದು ಮೂರ್ನಾಲ್ಕು ಲೆವೆಲ್ ಮೇಲಿದ್ದರೆ ಅಂತರ ಇನ್ನೂ ಕುಗ್ಗುತ್ತದೆ. 50ನೇ ಲೆವೆಲ್‌ನಲ್ಲಿ ಅದೇ ಹೋಲಿಕೆ 166 ಮತ್ತು 82. ಅಂದರೆ ಶುರುವಿನಲ್ಲಿ ಲೆವೆಲ್ ನಿಮ್ಮನ್ನು ಕಾಪಾಡುತ್ತದೆ, ಮುಂದೆ ಹೋದಂತೆ ಕಾಪಾಡುವುದಿಲ್ಲ. ಹಾಗಾಗಿ ಕಾಡಿಗೆ ಹೋಗುವ ಮುಂಚೆ ರೂಟ್ 1, ರೂಟ್ 2ರಲ್ಲಿ ನಿಧಾನವಾಗಿ 9, 10ನೇ ಲೆವೆಲ್ ತಲುಪಿ. ಬೇಜಾರಿನ ಕೆಲಸ ನಿಜ. ಆದರೆ ಮೊದಲ ಜಿಮ್ ದಾಟದವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಇದನ್ನೇ.

ವಿಕಾಸವಾದ ರೂಪಗಳ ಬಗ್ಗೆ ಜಾಸ್ತಿ ಎಚ್ಚರ ಇರಲಿ. ಗ್ಯಾರಡೋಸ್ 5ನೇ ಲೆವೆಲ್‌ನಲ್ಲಿ ಕಾಣಿಸಿಕೊಂಡರೂ ಅದಕ್ಕೆ ಥ್ರ್ಯಾಶ್ ಎಂಬ ಭಾರಿ ಮೂವ್ ಆಗಲೇ ಗೊತ್ತಿರುತ್ತದೆ. ಮೂವ್ ಕಲಿಯುವ ಪಟ್ಟಿಯಲ್ಲಿ 1ನೇ ಲೆವೆಲ್‌ಗೇ ಬಲವಾದ ಮೂವ್ ಇರುವ ಜಾತಿಗಳು ಶುರುವಿನಲ್ಲಿ ಲೆಜೆಂಡರಿಗಳಷ್ಟೇ ಅಪಾಯ.

ವಿಷ ತಗುಲಿದರೆ ತಕ್ಷಣ ಆಂಟಿಡೋಟ್ ಕೊಡಿ. ಫೈರ್‌ರೆಡ್‌ನಲ್ಲಿ ಸುಮ್ನೆ ನಡೆಯುತ್ತಿದ್ದರೂ ವಿಷ ಎಚ್‌ಪಿ ತಿನ್ನುತ್ತದೆ, ಕಾಳಗದ ಹೊರಗೂ ಪೋಕೆಮಾನ್ ಸಾಯುತ್ತದೆ. ಇದೂ ಸಾವೇ.

5. ಹಿಡಿಯುವಾಗ

ಹೊಸ ಜಾಗಕ್ಕೆ ಕಾಲಿಡುವ ಮುಂಚೆ ಬಾಲ್ ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ಅಂಗಡಿಗೆ ಹಿಂದಿರುಗಿ.

ಪ್ರತಿ ಜಾತಿಗೂ ಹಿಡಿಯುವ ದರ ಎಂಬ ಅಂಕಿ ಇದೆ, 3ರಿಂದ 255ರವರೆಗೆ. ಬಲ್ಬಸಾರ್, ಡ್ರ್ಯಾಗನೈಟ್‌ನಂಥವಕ್ಕೆ 45. ಪೂರ್ತಿ ಎಚ್‌ಪಿ ಇರುವಾಗ ಸಾಮಾನ್ಯ ಬಾಲ್ ಎಸೆದರೆ ಅವು ಸಿಗುವ ಸಾಧ್ಯತೆ ಸುಮಾರು ಶೇಕಡ 6. ಎಚ್‌ಪಿಯನ್ನು 1ರ ಹತ್ತಿರಕ್ಕೆ ಇಳಿಸಿದರೆ ಸುಮಾರು 18. ಅದರ ಮೇಲೆ ನಿದ್ದೆ ಬರಿಸಿದರೆ ಸುಮಾರು 35. ನಿದ್ದೆ ಬರಿಸುವ ಮೂವ್ ಇರುವ ಒಂದು ಪೋಕೆಮಾನ್ ಸಿಕ್ಕರೆ ಅದು ಎಷ್ಟೇ ಸಣ್ಣದಾದರೂ ಜೋಪಾನ ಮಾಡಿ. ಮುಂದಿನ ಇಡೀ ತಂಡ ಅದರಿಂದ ಬರುತ್ತದೆ.

ನಿಮ್ಮದೇ ಕ್ರಿಟಿಕಲ್ ಹಿಟ್‌ಗೆ ಎದುರಿನದು ಸತ್ತರೆ ಆ ಜಾಗದ ಅವಕಾಶ ಹೋಯಿತು. ಕ್ರಿಟಿಕಲ್ ಅಂದರೆ ಅದೃಷ್ಟದಿಂದ ಬೀಳುವ ಎರಡು ಪಟ್ಟು ಹೊಡೆತ. ಒಂದು ಸಲ ಹೊಡೆದು ನೋಡಿ. ಉಳಿದ ಎಚ್‌ಪಿ ಆ ಹೊಡೆತದ ಎರಡೂವರೆ ಪಟ್ಟಿಗಿಂತ ಜಾಸ್ತಿ ಇದ್ದರೆ ಮಾತ್ರ ಅದೇ ಮೂವ್‌ನಿಂದ ಇನ್ನೊಂದು ಸಲ ಹೊಡೆಯಿರಿ. ಇಲ್ಲದಿದ್ದರೆ ಬಾಲ್ ಎಸೆಯಲು ಶುರು ಮಾಡಿ.

ಜಿಯೋಡ್ಯೂಡ್, ವೋಲ್ಟೋರ್ಬ್, ಕಾಫಿಂಗ್ ಮತ್ತು ಅವುಗಳ ವಿಕಾಸಗಳು ತಾವೇ ಸಿಡಿದು ಎದುರಿನವರನ್ನೂ ಕೊಲ್ಲುತ್ತವೆ. ಫೈರ್‌ರೆಡ್‌ನಲ್ಲಿ ಎಕ್ಸ್‌ಪ್ಲೋಶನ್‌ನ ಬಲ 250, ಅದರ ಜೊತೆ ಎದುರಿನವರ ಡಿಫೆನ್ಸ್ ಅರ್ಧವೆಂದೇ ಲೆಕ್ಕ. ಇವು ಎದುರಾದರೆ ಗೋಸ್ಟ್ ಟೈಪ್ ಮುಂದೆ ಬಿಡಿ, ಸಿಡಿತ ಅದಕ್ಕೆ ತಾಗುವುದಿಲ್ಲ. ಗೋಸ್ಟ್ ಇಲ್ಲದಿದ್ದರೆ, ನನ್ನ ಅಭಿಪ್ರಾಯ, ಹಿಡಿಯುವ ಆಸೆ ಬಿಟ್ಟು ಓಡಿ. ಇರುವ ಒಬ್ಬನನ್ನು ಕಳೆದುಕೊಂಡು ಜಿಯೋಡ್ಯೂಡ್ ಪಡೆಯುವುದು ನಷ್ಟದ ವ್ಯಾಪಾರ.

6. ತಂಡ ಕಟ್ಟುವುದು

ಹೊಡೆಯುವವರನ್ನಷ್ಟೇ ಆರಿಸುವುದು ಹೊಸಬರ ಅಭ್ಯಾಸ. ಎದುರಾಳಿ ಯಾರೆಂದು ಗೊತ್ತಿಲ್ಲದ ಆಟದಲ್ಲಿ, ಹೊಡೆತ ತಿಂದು ನಿಲ್ಲುವವರಿಗೆ ಬೆಲೆ ಜಾಸ್ತಿ. ಆರರಲ್ಲಿ ಇಬ್ಬರಾದರೂ ಗಟ್ಟಿಗರು ಇರಲಿ, ಒಬ್ಬ ಫಿಸಿಕಲ್ ಹೊಡೆತಕ್ಕೆ, ಇನ್ನೊಬ್ಬ ಸ್ಪೆಷಲ್‌ಗೆ.

ಸ್ಟೀಲ್ ಟೈಪ್ ಸಿಕ್ಕರೆ ಬಿಡಬೇಡಿ. ಈ ಆಟದಲ್ಲಿ ಅದು 11 ಟೈಪ್‌ಗಳ ಹೊಡೆತವನ್ನು ಅರ್ಧ ಮಾಡುತ್ತದೆ, ವಿಷ ತಾಗುವುದೇ ಇಲ್ಲ. ಗೋಸ್ಟ್, ಫ್ಲೈಯಿಂಗ್, ಡಾರ್ಕ್‌ನಂಥ, ಯಾವುದೋ ಒಂದು ಟೈಪ್‌ನ ಹೊಡೆತ ತಾಗದೇ ಇರುವವರೂ ಬೇಕು. ಸ್ವಿಚ್ ಮಾಡುವಾಗ, ಅಂದರೆ ಕಾಳಗದ ನಡುವೆ ಪೋಕೆಮಾನ್ ಬದಲಿಸುವಾಗ, ಒಂದು ಟರ್ನ್ (ಸರದಿ) ಉಚಿತವಾಗಿ ಸಿಗುವುದು ಅವರಿಂದಲೇ.

ಬಾಕ್ಸ್‌ನಲ್ಲಿ ಕೂತವರನ್ನು ಮರೆಯಬೇಡಿ. ಮೂವರನ್ನಾದರೂ ತಂಡದ ಲೆವೆಲ್‌ಗೆ ಹತ್ತಿರ ಬೆಳೆಸಿಡಿ. ಒಬ್ಬ ಸತ್ತಾಗ 12 ಲೆವೆಲ್ ಕೆಳಗಿರುವವನನ್ನು ತಂದು ನಿಲ್ಲಿಸಿದರೆ ಅವನೂ ಸಾಯುತ್ತಾನೆ, ಅಲ್ಲಿಂದ ಸಾಲು ಸಾಲಾಗಿ ಕುಸಿಯುತ್ತದೆ.

ಮೂವ್ ಕಲಿಸುವ ಟಿಎಂ ಎಂಬ ಸಾಮಾನುಗಳು ಇಲ್ಲಿ ಒಂದೇ ಸಲ ಬಳಸುವಂಥವು. ಸಿಕ್ಕ ಕೂಡಲೇ ಕಲಿಸಬೇಡಿ. ಎಚ್‌ಎಂ ಮೂವ್‌ಗಳನ್ನು ಮರೆಸಬೇಕೆಂದರೆ ಫುಶಿಯಾ ಊರಿನವರೆಗೆ ಹೋಗಬೇಕು, ಹಾಗಾಗಿ ಕಟ್ ಯಾರಿಗೆ ಕಲಿಸುತ್ತೀರಿ ಎಂದು ಯೋಚಿಸಿ ಕಲಿಸಿ.

7. ಪ್ರತಿ ಟರ್ನ್‌ನ ಲೆಕ್ಕ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಎದುರಾಳಿಯ ಹೊಸ ಪೋಕೆಮಾನ್ ಬಂದಾಗ ಬಟನ್ ಒತ್ತುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರ ಟೈಪ್ ಏನು? ಇದು ನನಗೆ ಮಾಡಬಹುದಾದ ಅತಿ ಕೆಟ್ಟ ಹೊಡೆತ ಯಾವುದು? ಆ ಹೊಡೆತ ಕ್ರಿಟಿಕಲ್ ಆದರೂ ನನ್ನವನು ಉಳಿಯುತ್ತಾನಾ? ಮೂರನೆಯದಕ್ಕೆ ಉತ್ತರ ಇಲ್ಲ ಎಂದಾದರೆ ಆ ಪೋಕೆಮಾನ್ ಅಲ್ಲಿ ನಿಲ್ಲಬಾರದು.

ಅಂಕಿ ಹೀಗೆ ಕೆಲಸ ಮಾಡುತ್ತದೆ. ಒಂದೇ ಮೂವ್ ಪ್ರತಿ ಸಲ ಒಂದೇ ನಷ್ಟ ಮಾಡುವುದಿಲ್ಲ. ಅದರ ಗರಿಷ್ಠದ ಶೇಕಡ 85ರಿಂದ 100ರ ನಡುವೆ ಎಲ್ಲಾದರೂ ಬೀಳುತ್ತದೆ. ಈಗ ನಿಮಗೆ 30 ಎಚ್‌ಪಿ ಹೋಯಿತು ಅನ್ನಿ. ಅದು ಅದೃಷ್ಟದಿಂದ ಕಡಿಮೆ ಬಿದ್ದ ಹೊಡೆತವಾಗಿದ್ದರೆ ಮುಂದಿನದು 35 ಆಗಬಹುದು. ಕ್ರಿಟಿಕಲ್ ಆದರೆ 70. ಹಾಗಾಗಿ ಮೇಲೆ ಹೇಳಿದ ಎರಡೂವರೆ ಪಟ್ಟಿನ ಲೆಕ್ಕ ಇಲ್ಲೂ ಬಳಸಿ. 30 ಹೋದ ಮೇಲೆ ಉಳಿದ ಎಚ್‌ಪಿ 75ಕ್ಕಿಂತ ಕಡಿಮೆ ಇದ್ದರೆ, ಅದೇ ಮೂವ್ ನಿಮ್ಮನ್ನು ಕೊಲ್ಲಬಲ್ಲದು.

ಕ್ರಿಟಿಕಲ್ ಬೀಳುವುದು 16ಕ್ಕೆ ಒಂದು ಸಲ. ಅಪರೂಪ ಅನ್ನಿಸುತ್ತದೆ ಅಲ್ವಾ? 16 ಹೊಡೆತ ತಿಂದರೆ ಒಂದಾದರೂ ಕ್ರಿಟಿಕಲ್ ಬೀಳುವ ಸಾಧ್ಯತೆ ಸುಮಾರು ಶೇಕಡ 64. ಒಂದು ಜಿಮ್ ದಾಟುವಷ್ಟರಲ್ಲಿ ಅದಕ್ಕಿಂತ ಜಾಸ್ತಿ ಹೊಡೆತ ತಿಂದಿರುತ್ತೀರಿ. ಕ್ರಿಟಿಕಲ್‌ನಿಂದ ಸತ್ತದ್ದನ್ನು ದುರದೃಷ್ಟ ಎಂದು ಬರೆದುಕೊಳ್ಳುವವರು ಮತ್ತೆ ಅದೇ ರೀತಿ ಸಾಯುತ್ತಾರೆ. ಅದು ಬಂದೇ ಬರುತ್ತದೆ ಎಂದುಕೊಂಡು ಆಡಿ.

ಸ್ವಿಚ್ ಮಾಡುವಾಗ ನೆನಪಿರಲಿ, ಆ ಟರ್ನ್‌ನ ಹೊಡೆತ ಒಳಗೆ ಬಂದವನ ಮೇಲೆ ಬೀಳುತ್ತದೆ. ಆಮೇಲೆ ಎದುರಿನದು ವೇಗವಾಗಿದ್ದರೆ ಇನ್ನೊಂದು ಹೊಡೆತವೂ ನಿಮಗಿಂತ ಮುಂಚೆ ಬೀಳುತ್ತದೆ. ಅಂದರೆ ಸ್ವಿಚ್ ಆಗಿ ಬರುವವನು ಎರಡು ಹೊಡೆತ ತಡೆಯಬೇಕು. ಹಾಗಾಗಿ ಸ್ವಿಚ್ ಮಾಡುವ ನಿರ್ಧಾರ ಬೇಗ ಆಗಬೇಕು, ನಿಮ್ಮವರೆಲ್ಲ ಆರೋಗ್ಯವಾಗಿರುವಾಗಲೇ. ಎಲ್ಲರೂ ಅರ್ಧ ಎಚ್‌ಪಿಗೆ ಇಳಿದ ಮೇಲೆ ಒಳಗೆ ಬರಲು ಯಾರೂ ಉಳಿದಿರುವುದಿಲ್ಲ.

ಯಾರು ಮೊದಲು ಹೊಡೆದರು ಅನ್ನೋದು ದೊಡ್ಡ ಮಾಹಿತಿ. ಮೊದಲ ಟರ್ನ್‌ನಲ್ಲೇ ಗಮನಿಸಿ ಬರೆದುಕೊಳ್ಳಿ. ಎದುರಿನದು ವೇಗವಾಗಿದ್ದರೆ ಪ್ಯಾರಲಿಸಿಸ್ ಕೊಡಿ. ಈ ಆಟದಲ್ಲಿ ಅದು ವೇಗವನ್ನು ಕಾಲು ಭಾಗಕ್ಕೆ ಇಳಿಸುತ್ತದೆ, ಜೊತೆಗೆ ನಾಲ್ಕರಲ್ಲಿ ಒಂದು ಟರ್ನ್ ಅದು ಅಲ್ಲಾಡುವುದೇ ಇಲ್ಲ.

ಬಾಕ್ಸ್‌ನಲ್ಲಿ ಎಷ್ಟು ಪೋಕೆಮಾನ್ ಇದ್ದರೂ ಈ ಕೆಲವು ಎದುರಾದಾಗ ನಿಲ್ಲಿಸಿ ಯೋಚಿಸಿ.

ವಾಬಫೆಟ್ ತಾನಾಗಿ ಹೊಡೆಯುವುದಿಲ್ಲ. ನೀವು ಕೊಟ್ಟದ್ದನ್ನು ಎರಡು ಪಟ್ಟು ಮಾಡಿ ಹಿಂದಿರುಗಿಸುತ್ತದೆ, ಫಿಸಿಕಲ್ ಆದರೆ ಕೌಂಟರ್‌ನಿಂದ, ಸ್ಪೆಷಲ್ ಆದರೆ ಮಿರರ್ ಕೋಟ್‌ನಿಂದ. ಅದರ ಮುಂದೆ ಭಾರಿ ಹೊಡೆತ ಬೇಡ. ಕೌಂಟರ್ ಗೋಸ್ಟ್‌ಗೆ ತಾಗುವುದಿಲ್ಲ, ಮಿರರ್ ಕೋಟ್ ಡಾರ್ಕ್‌ಗೆ ತಾಗುವುದಿಲ್ಲ. ಇಲ್ಲದಿದ್ದರೆ ವಿಷ ಕೊಟ್ಟು ಕಾಯಿರಿ. ಕೊನೆಯಲ್ಲಿ ಅದು ಡೆಸ್ಟಿನಿ ಬಾಂಡ್ ಹಾಕಬಹುದು. ಅದನ್ನು ಹಾಕಿದ ಪೋಕೆಮಾನ್ ನಿಮ್ಮ ನೇರ ಹೊಡೆತದಿಂದ ಸತ್ತರೆ ಹೊಡೆದವನೂ ಸಾಯುತ್ತಾನೆ. ವಿಷದಿಂದಲೋ ಲೀಚ್ ಸೀಡ್‌ನಿಂದಲೋ ಸತ್ತರೆ ಏನೂ ಆಗುವುದಿಲ್ಲ.

ಫಿಶರ್, ಹಾರ್ನ್ ಡ್ರಿಲ್, ಗಿಲಟೀನ್, ಶಿಯರ್ ಕೋಲ್ಡ್ ಇವು ತಾಗಿದರೆ ಒಂದೇ ಹೊಡೆತಕ್ಕೆ ಸಾವು. ಆದರೆ ನಿಮ್ಮ ಲೆವೆಲ್ ಎದುರಾಳಿಗಿಂತ ಮೇಲಿದ್ದರೆ ಅವು ತಾಗುವುದೇ ಇಲ್ಲ. ಒಂದೇ ಒಂದು ಲೆವೆಲ್ ಮೇಲಿದ್ದರೂ ಸಾಕು. ದಾರಿಯ ಟ್ರೈನರ್‌ಗಳಿಗಿಂತ ಕೆಳಗೆ ಇಳಿಯಬೇಡಿ ಎಂದು ಹೇಳುವುದು ಇದಕ್ಕೂ ಸೇರಿಸಿ.

8. ಜಿಮ್ ಒಳಗೆ ಹೋಗುವ ಮುಂಚೆ

ಲೀಡರ್ ಹತ್ತಿರ ಏನಿದೆ ಎಂದು ಗೊತ್ತಿಲ್ಲ. ಬ್ರಾಕ್‌ನ ಜಿಮ್ ಎಂದು ನೀರಿನ ಟೈಪ್ ಮುಂದಿಟ್ಟು ಹೋಗುವುದು ಹಳೆಯ ಅಭ್ಯಾಸದ ತಪ್ಪು. ಟ್ರೈನರ್‌ಗಳನ್ನು ಟೈಪ್‌ ಪ್ರಕಾರ ಕಲಸುವ ಆಯ್ಕೆ ಹಾಕಿದ್ದರೆ ಮಾತ್ರ ಜಿಮ್‌ನ ಉಳಿದ ಟ್ರೈನರ್‌ಗಳನ್ನು ನೋಡಿ ಲೀಡರ್‌ನ ಟೈಪ್ ಊಹಿಸಬಹುದು. ಕಷ್ಟ ಅನ್ನಿಸುವವರಿಗೆ ಈ ಆಯ್ಕೆ ಒಳ್ಳೆಯ ಮಧ್ಯದಾರಿ.

ಎಲ್ಲರಿಗಿಂತ ಮುಂದೆ ನಿಲ್ಲುವವನು ನಿಮ್ಮ ಗಟ್ಟಿಗನಾಗಿರಲಿ, ದೊಡ್ಡ ಹೊಡೆತಗಾರ ಬೇಡ. ಅವನ ಕೆಲಸ ಎದುರಿನವರ ಮೂವ್ ನೋಡುವುದು, ವೇಗ ತಿಳಿಯುವುದು, ಬದುಕಿರುವುದು.

ಜಿಮ್‌ನ ಒಳಗಿನ ಟ್ರೈನರ್‌ಗಳನ್ನು ಮುಗಿಸಿ ಹೊರಗೆ ಬಂದು ಪೋಕೆಮಾನ್ ಸೆಂಟರ್‌ಗೆ ಹೋಗಿ, ಸೇವ್ ಮಾಡಿ, ಆಮೇಲೆ ಲೀಡರ್. ಹಾಗೆ ಮಾಡುವಾಗ ಕ್ಯಾಪ್ ದಾಟದಂತೆ ನೋಡಿಕೊಳ್ಳಿ. ಜಿಮ್‌ನ ಟ್ರೈನರ್‌ಗಳಿಂದಲೇ ಒಂದೆರಡು ಲೆವೆಲ್ ಏರುತ್ತದೆ, ಆದ್ದರಿಂದ ಜಿಮ್‌ಗೆ ಕಾಲಿಡುವಾಗ ಕ್ಯಾಪ್‌ಗಿಂತ ಎರಡು ಲೆವೆಲ್ ಕೆಳಗಿರಿ.

ಪೋಷನ್ ಬಳಸುವಾಗಲೂ ಲೆಕ್ಕ ಬೇಕು. ಎದುರಾಳಿ ಒಂದು ಹೊಡೆತಕ್ಕೆ 50 ಕಳೆಯುತ್ತಿದ್ದರೆ 50 ಕೊಡುವ ಸೂಪರ್ ಪೋಷನ್‌ನಿಂದ ನೀವು ನಿಂತಲ್ಲೇ ನಿಂತಿರುತ್ತೀರಿ. ಪ್ರತಿ ಟರ್ನ್ ಒಂದು ಕ್ರಿಟಿಕಲ್‌ಗೆ ಅವಕಾಶ ಕೊಟ್ಟಂತೆಯೂ ಆಗುತ್ತದೆ.

ಕೆಲವೊಮ್ಮೆ ಯಾರೋ ಒಬ್ಬರು ಸಾಯಲೇಬೇಕಾಗುತ್ತದೆ. ಇದನ್ನು ಆಟಗಾರರು ಸ್ಯಾಕ್ ಅನ್ನುತ್ತಾರೆ. ಒಬ್ಬನನ್ನು ಬಿಟ್ಟುಕೊಟ್ಟರೆ ಮುಂದಿನವನು ಹೊಡೆತ ತಿನ್ನದೆ ಒಳಗೆ ಬರುತ್ತಾನೆ. ಮನಸ್ಸಿಗೆ ನೋವಾಗುತ್ತದೆ, ಹೆಸರಿಟ್ಟು ಬೆಳೆಸಿದ ಪೋಕೆಮಾನ್ ಅದು. ಆದರೂ ಯಾರನ್ನು ಬಿಡಬಹುದು ಎಂದು ಮೊದಲೇ ಯೋಚಿಸಿ. ಆ ಕ್ಷಣದಲ್ಲಿ ಯೋಚಿಸಲು ಹೋದರೆ ಒಬ್ಬನ ಬದಲು ಇಬ್ಬರು ಹೋಗುತ್ತಾರೆ.

9. ಎಲೈಟ್ ಫೋರ್

ಎಲ್ಲ ಜಿಮ್ ಮುಗಿದ ಮೇಲೆ ಎಲೈಟ್ ಫೋರ್ ಎಂಬ ನಾಲ್ವರು ಟ್ರೈನರ್‌ಗಳು, ಆಮೇಲೆ ಚಾಂಪಿಯನ್. ಒಟ್ಟು ಐದು ಕಾಳಗ, ನಡುವೆ ಗುಣಪಡಿಸುವ ಪೋಕೆಮಾನ್ ಸೆಂಟರ್ ಇಲ್ಲ. ಒಂದು ಕಾಳಗ ಮುಗಿದು ಇನ್ನೊಂದಕ್ಕೆ ಹೋಗುವ ನಡುವೆ ಸಾಮಾನು ಬಳಸಬಹುದು, ಸೇವ್ ಮಾಡಬಹುದು. ಉಳಿಸಿದ ಹಣವನ್ನೆಲ್ಲ ಇಲ್ಲಿ ಫುಲ್ ರಿಸ್ಟೋರ್, ಮ್ಯಾಕ್ಸ್ ಪೋಷನ್‌ಗೆ ಸುರಿಯಿರಿ. ರಿವೈವ್ ಬಳಸುವಂತಿಲ್ಲ, ಸತ್ತವರು ಸತ್ತರು.

ಇಲ್ಲಿ ಲೆವೆಲ್‌ನ ಆಸರೆ ಪೂರ್ತಿ ಹೋಗಿರುತ್ತದೆ. ಜಾತಿಯ ಬಲವೇ ಮಾತಾಡುತ್ತದೆ. ಹಾಗಾಗಿ ವಿಕ್ಟರಿ ರೋಡ್ ಮುಗಿಸಿದ ಮೇಲೆ ಬಾಕ್ಸ್ ತೆರೆದು ಇಡೀ ತಂಡವನ್ನು ಹೊಸದಾಗಿ ಆರಿಸಿ. ಶುರುವಿನಿಂದ ಜೊತೆಗಿದ್ದಾನೆ ಎಂಬ ಕಾರಣಕ್ಕೆ ದುರ್ಬಲನನ್ನು ಕರೆದುಕೊಂಡು ಹೋಗಬೇಡಿ. ಅವನನ್ನು ಬಾಕ್ಸ್‌ನಲ್ಲಿ ಬಿಟ್ಟರೆ ಅವನು ಬದುಕಿರುತ್ತಾನೆ.

ಲೆಫ್ಟ್‌ಓವರ್ಸ್ ಇದ್ದರೆ ಗಟ್ಟಿಗನಿಗೆ ಕೊಡಿ, ಪ್ರತಿ ಟರ್ನ್ ಗರಿಷ್ಠ ಎಚ್‌ಪಿಯ 16ನೇ ಒಂದು ಭಾಗ ಹಿಂದೆ ಬರುತ್ತದೆ. ನಿದ್ದೆ, ಪ್ಯಾರಲಿಸಿಸ್ ಕಳೆಯುವ ಲಮ್ ಬೆರಿ ಇದ್ದರೆ ಮುಖ್ಯ ಹೊಡೆತಗಾರನಿಗೆ.

ರನ್ ಮುಗಿದ ಮೇಲೆ

ಗೆದ್ದರೂ ಸೋತರೂ ಈಗ ಲಾಗ್ ಫೈಲ್ ತೆರೆಯಿರಿ. ನಿಮ್ಮನ್ನು ಮುಗಿಸಿದ ಟ್ರೈನರ್‌ನ ಹೆಸರು ಹುಡುಕಿ, ಅವನ ಉಳಿದ ಪೋಕೆಮಾನ್ ಏನಿದ್ದವು ನೋಡಿ. ನಿಮ್ಮ ಬಾಕ್ಸ್‌ನಲ್ಲಿ ಕೂತಿದ್ದ ಯಾರಾದರೂ ಅವನ್ನು ತಡೆಯುತ್ತಿದ್ದರಾ? ಬಹಳ ಸಲ ಉತ್ತರ ಹೌದು ಎಂದೇ ಇರುತ್ತದೆ. ಯಾವ ಟರ್ನ್‌ನಲ್ಲಿ ಸ್ವಿಚ್ ಮಾಡಬೇಕಿತ್ತು ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಮತ್ತೆ ಆಡುವಾಗ ಅದೇ ಫೈಲ್ ಬಳಸಬೇಡಿ, ಎಲ್ಲವೂ ಗೊತ್ತಾಗಿರುತ್ತದೆ. ಮೂಲ ಫೈಲ್ ತೆಗೆದುಕೊಂಡು, ಅದೇ ಸೆಟ್ಟಿಂಗ್ ಹಾಕಿ ಹೊಸದಾಗಿ ಕಲಸಿ. ಎರಡನೇ ಸಲ ಮೂರನೇ ಬ್ಯಾಡ್ಜ್ ದಾಟುವುದು ಸಲೀಸಾಯಿತು ಅನ್ನಿಸಿದರೆ, ಒಂದೊಂದಾಗಿ ಕಷ್ಟ ಸೇರಿಸಿ: ಮೊದಲು ಸಮಾನ ಬಲದ ಆಯ್ಕೆ ತೆಗೆಯಿರಿ, ಆಮೇಲೆ ಕಾಳಗದಲ್ಲಿ ಪೋಷನ್ ನಿಲ್ಲಿಸಿ, ಅಬಿಲಿಟಿ ಕಲಸುವುದು ಅದರ ನಂತರ. ಮೂವ್‌ಗಳನ್ನು ಕಲಸುವುದು ಎಲ್ಲಕ್ಕಿಂತ ಕೊನೆಗೆ.